ಹಾಡು ಮುಗಿಯುವ ತನಕ

ಮೊನ್ನೆ ಗೆಳತಿ ರೇಣುಕಾ ರಾಯಚೂರಿನ ನಮ್ಮ ಮನೆಗೆ ಬಂದಿದ್ದಳು. ಮಿಕ್ಸಿಗೆ ಒಣಮೆಣಸಿನಕಾಯಿ ಹಾಕಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ದೇವದುರ್ಗದ ಅವಳ ಮನೆಯ ಪಡಸಾಲೆ ಕಣ್ಣೆದುರು ಬಂತು.

ನಾವು ಚಿಕ್ಕವರಿದ್ದಾಗ ಅಲ್ಲಿ ಅವಳಪ್ಪನ ರೆಕಾರ್ಡ್ ಪ್ಲೇಯರ್ ಇತ್ತು. ಪಕ್ಕದಲ್ಲೇ ಅವಳವ್ವ ಖಾರ ಕುಟ್ಟುತ್ತಿದ್ದರು. ಒನಕೆ ಬಿದ್ದಾಗಲೆಲ್ಲ ನೆಲ ಅದುರಿ, ಪ್ಲೇಯರಿನ ಮುಳ್ಳು ಜಿಗಿದು, ಹಾಡು ಅರ್ಧ ಸಾಲು ಹಾರಿ ಮುಂದೆ ಓಡುತ್ತಿತ್ತು. ಹಾಗಾಗಿ ಅಪ್ಪನದು ಒಂದೇ ಕಾನೂನು: "ಹಾಡು ಮುಗಿಯೋತನ ಯಾರೂ ಅಳ್ಳಾಡಬ್ಯಾಡ್ರಿ."

ನಾವಿಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

"ಹಾಡಿನ ಹುಚ್ಚಿನಾಗ ನನ್ನ ಕೆಲಸ ಕೆಡಸ್ತಾರ" ಎಂದು ಗೊಣಗುತ್ತ ಅವ್ವ ಒನಕೆಯನ್ನು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂರುತ್ತಿದ್ದರು. ಬೆಳಗಿನಿಂದ ಅವರು ಕೂತದ್ದು ಅದೇ ಮೊದಲು. ಹಾಡು ಮುಗಿಯುತ್ತ ಬಂದಂತೆ ನಮ್ಮ ಕಿವಿಯಲ್ಲಿ ಮೆಲ್ಲಗೆ, "ರೆಕಾರ್ಡಿನ ಆ ಮಗ್ಗಲದ್ದೂ ಹಚ್ರಿ ಅಂತ ಹೇಳ್ರವ್ವಾ" ಎನ್ನುತ್ತಿದ್ದರು. ನಾವು ಹೇಳುತ್ತಿದ್ದೆವು. ನಮ್ಮ ಸಂಗೀತದ ಆಸೆ ಕಂಡು ಅಪ್ಪನಿಗೆ ಭಾರಿ ಹೆಮ್ಮೆ.

ಇದನ್ನು ನೆನೆದು ಇಬ್ಬರೂ ನಕ್ಕೆವು. ರೇಣುಕಾ ಫೋನಿನಲ್ಲಿ ಆಗಿನ ಹಾಡೊಂದನ್ನು ಹಚ್ಚಿದಳು. ಕೆಲಸ ಉಳಿದಿದೆಯೆಂದು ನಾನು ಎದ್ದೆ. ಅವಳು ಸೆರಗು ಹಿಡಿದು ಎಳೆದಳು.

"ಕುಂದ್ರು ಬೇ, ಮುಳ್ಳು ಜಿಗೀತದ."