ಐನಾಪುರದಿಂದ ಬರುತ್ತಿದ್ದ ಕರೆ

ಐದು ಊರುಗಳ ತುರ್ತು ಕರೆ ಕೊಠಡಿಗಳನ್ನು ಒಂದು ಮಾಡುವ ಕೆಲಸಕ್ಕೆ ನನ್ನನ್ನು ಹಾಕಿದಾಗ ನಾನು ವಾಡಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಲ್ಲೂ ನಮ್ಮಂಥದೇ ಕೊಠಡಿಗಳಿದ್ದವು. ಒಂದು ಸಣ್ಣ ಕೋಣೆ, ಒಂದೆರಡು ಫೋನು, ಒಂದು ವೈರ್‌ಲೆಸ್ ಸೆಟ್ಟು, ಹೊರಗೆ ಆಂಬುಲೆನ್ಸ್. ರಾಜ್ಯಕ್ಕೆಲ್ಲ ಒಂದೇ ನಂಬರು ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಕಡೆಯ ಜನ ಊರಿನ ನಂಬರು ಬಿಟ್ಟಿರಲಿಲ್ಲ. ಹೆರಿಗೆಯಾದರೂ, ಹಾವು ಕಚ್ಚಿದರೂ, ಬಣವೆಗೆ ಬೆಂಕಿ ಬಿದ್ದರೂ ಮೊದಲು ನಮಗೇ ಮಾಡುತ್ತಿದ್ದರು.

ಇನ್ನು ಮುಂದೆ ಎಲ್ಲ ಕರೆಗಳೂ ಸೇಡಮ್ಮಿನ ಒಂದೇ ಕೊಠಡಿಗೆ ಬರಬೇಕೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಯಾರಾದರೂ ಪ್ರತಿ ಊರಿನಲ್ಲಿ ಕೆಲವು ದಿನ ಕೂತು, ಅಲ್ಲಿಯ ಜನ ಹೇಗೆ ಮಾತಾಡುತ್ತಾರೆ, ಜಾಗದ ಗುರುತು ಹೇಗೆ ಹೇಳುತ್ತಾರೆ ಎಂದು ತಿಳಿದುಕೊಂಡು ಬರಬೇಕಿತ್ತು. ನಮ್ಮ ಅಧಿಕಾರಿ ನನ್ನ ಕಡೆ ನೋಡಿ, "ನೀವೇ ಹೋಗಿ ಬರ್ರಿ, ನಿಮಗ ಜನರ ಮಾತು ತಿಳೀತದ" ಅಂದರು.

ಶಹಾಬಾದಿನಲ್ಲಿ ಜನ ಫರ್ಸಿ ಕಲ್ಲಿನ ಖಣಿಗಳ ಹೆಸರಿನಿಂದಲೇ ದಾರಿ ಹೇಳುತ್ತಿದ್ದರು. ಚಿತ್ತಾಪುರದಲ್ಲಿ ಕರೆ ಮಾಡಿದವರು ನಮ್ಮನ್ನು ಬಿಟ್ಟು ಮನೆಯವರ ಜೊತೆಯೇ ಹೆಚ್ಚು ಮಾತಾಡುತ್ತಿದ್ದರು. ಸೇಡಮ್ಮಿನಲ್ಲಿ, ಆಡಕಿಯ ಕಡೆಯ ಹಳ್ಳಿಗಳಿಂದ ಬರುವ ಕರೆಗಳಲ್ಲಿ ಅರ್ಧ ತೆಲುಗು. ಗಾಬರಿಯಾದಷ್ಟೂ ತೆಲುಗು ಹೆಚ್ಚಾಗುತ್ತಿತ್ತು. ಹೊಸ ಕೊಠಡಿಯಲ್ಲಿ ತೆಲುಗು ಬಲ್ಲವರು ಒಬ್ಬರಾದರೂ ಸದಾ ಇರಬೇಕು ಎಂದು ನಾನು ಪಟ್ಟು ಹಿಡಿದದ್ದು ಅದಕ್ಕೇ.

ಕೊನೆಗೆ ಉಳಿದದ್ದು ಚಿಂಚೋಳಿ. ರೈಲಿಲ್ಲದ ಊರು. ಬಸ್ಸಿಳಿದು ಹೋದರೆ ಚಂದಾಪುರದ ಕಚೇರಿಗಳ ಹಿಂದೆ ಆ ಕೊಠಡಿ, ಮುಂದೊಂದು ಬೇವಿನ ಗಿಡ, ಅದರ ನೆರಳಿಗೆ ಆಂಬುಲೆನ್ಸ್. ಅಲ್ಲಿ ಫೋನ್ ಎತ್ತುತ್ತಿದ್ದವರು ಇನ್ನೇನು ನಿವೃತ್ತಿಯಾಗಲಿದ್ದ ಹಿರಿಯರು. ತಲೆಮಾರುಗಳಿಂದ ಚಿಂಚೋಳಿಯಲ್ಲೇ ನೆಲೆಸಿದ ಮುಸ್ಲಿಂ ಮನೆತನ. ಬಿಳಿ ಗಡ್ಡ, ತಗ್ಗಿದ ದನಿ. ನಾನು ಅವರನ್ನು ಭಾಯ್ ಎಂದು ಕರೆದೆ. ಅವರು ನನ್ನನ್ನು ಮೊದಲ ದಿನವೇ ತಂಗಿ ಮಾಡಿಕೊಂಡರು.

ಮಧ್ಯಾಹ್ನದ ನಮಾಜ್ ಮುಗಿಸಿ ಬಂದ ಭಾಯ್ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡರು. ಬಿಸಿಲಿಗೆ ಬಜಾರು ಸುಮ್ಮನಾಗಿತ್ತು. ಫೋನು ರಿಂಗಾಯಿತು. ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಗಾಡಿ ಹೊಂಟದೇನ್ರಿ?" ವಯಸ್ಸಾದ ಹೆಂಗಸಿನ ದನಿ.

"ಹೊಂಟದ ಅವ್ವಾ."

"ಎಲ್ಲೀತನಕ ಬಂದದ?"

"ಚಂದಾಪುರ ದಾಟ್ಯದ."

"ಜಲ್ದಿ ಬರಲಿಕ್ಕಿ ಹೇಳ್ರಿ. ಭಾಳ ಬೆವರಾಕತ್ಯಾರ."

ಕರೆ ಕಡಿದುಹೋಯಿತು. ನಾನು ಎದ್ದು ಕಿಟಕಿಯಿಂದ ನೋಡಿದೆ. ಆಂಬುಲೆನ್ಸ್ ಗಿಡದ ಕೆಳಗೇ ಇತ್ತು. ಡ್ರೈವರ್ ಬಾಗಿಲು ತೆಗೆದಿಟ್ಟು ಬುತ್ತಿ ಬಿಚ್ಚಿದ್ದ.

"ಭಾಯ್, ಗಾಡಿ ಇಲ್ಲೇ ನಿಂತದಲ್ಲ!"

"ಕುಂದ್ರು ತಂಗಿ, ಹೇಳ್ತೀನಿ" ಅಂದರು ಭಾಯ್.

ಆಕೆ ಐನಾಪುರದವಳು. ಕೆಲವು ವರ್ಷಗಳ ಹಿಂದೆ ಜೋರು ಮಳೆಯ ದಿನ ಗಂಡನಿಗೆ ಎದೆ ನೋವು ಬಂದಿತ್ತು. ಕರೆ ಬಂದ ಕೂಡಲೇ ಗಾಡಿ ಹೊರಟಿತು. ಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರಿಂದ ಅದು ಸುತ್ತು ಹಾಕಿ ಬೇರೆ ದಾರಿ ಹಿಡಿಯಬೇಕಾಯಿತು. ಊರು ಮುಟ್ಟುವ ಮೊದಲೇ ಆತ ಹೋಗಿಬಿಟ್ಟಿದ್ದ. ಅರ್ಧ ದಾರಿಯಲ್ಲೇ ಸುದ್ದಿ ತಿಳಿದು ಗಾಡಿ ವಾಪಸು ಬಂತು.

"ಅವತ್ತು ಆಕಿ ಕೇಳ್ತಾ ಹೋದ್ಳು, ನಾ ಹೊಂಟದ ಹೊಂಟದ ಅಂತ ಹೇಳ್ತಾ ಹೋದೆ. ಸುಳ್ಳೇನಲ್ಲ, ಗಾಡಿ ಹೊಂಟಿತ್ತು. ಮುಟ್ಟಲಿಲ್ಲ ಅಷ್ಟೇ. ದಿನ ಕರ್ಮ ಎಲ್ಲಾ ಮುಗದ ಮ್ಯಾಲ ಮತ್ತ ಫೋನ್ ಶುರು ಆತು."

"ಆಕಿಗಿ ತಲಿ ಸರಿ ಇಲ್ಲೇನು?"

"ನಾನೂ ಹಂಗೇ ಅನ್ಕೊಂಡಿದ್ದೆ. ಒಮ್ಮೆ ಧೈರ್ಯ ಮಾಡಿ, ಅವ್ವಾ, ನಿಮ್ಮ ಮಾಲಕರು ತೀರಿಕೊಂಡ್ರಲ್ಲ ಅಂದೆ. ಅದು ನನಗೂ ಗೊತ್ತದ ಬಿಡ್ರಿ, ಗಾಡಿ ಹೊಂಟದೋ ಇಲ್ಲೋ ಅಷ್ಟು ಹೇಳ್ರಿ ಅಂದ್ಲು. ಅವತ್ತಿನಿಂದ ನಾನೂ ಹೊಂಟದ ಅಂತೀನಿ."

ಆಮೇಲಿನ ದಿನಗಳಲ್ಲೂ ಅದೇ ಹೊತ್ತಿಗೆ ಅದೇ ಮಾತುಗಳು. ಒಂದು ದಿನ ಭಾಯ್ ಮಸೀದಿಯಿಂದ ಬರುವುದು ತಡವಾಯಿತು. ಫೋನು ನಾನೇ ಎತ್ತಿದೆ. ದನಿ ಬದಲಾದದ್ದು ಆಕೆಗೆ ಗೊತ್ತಾಗಲಿಲ್ಲವೋ, ಗೊತ್ತಾದರೂ ಬೇಕಿರಲಿಲ್ಲವೋ. ಗಾಡಿ ಹೊಂಟದೇನ್ರಿ ಎಂದಳು. ನಾನು ಹೊಂಟದ ಅಂದೆ. ಆಗ ಆಕೆಯ ಹಿಂದೆ, ಕೋಣೆಯ ಒಳಗಿನಿಂದ ಬಂದಂತೆ, ಒಬ್ಬ ಗಂಡಸು ಕೆಮ್ಮಿದ್ದು ಕೇಳಿಸಿತು. ಒಣಗಿದ, ದಣಿದ ಕೆಮ್ಮು.

ಭಾಯ್ ಬಂದ ಮೇಲೆ ಕೇಳಿದೆ, "ಆಕಿ ಮನ್ಯಾಗ ಮತ್ತ್ಯಾರದಾರ?"

"ಯಾರೂ ಇಲ್ಲ. ಒಬ್ಬಾಕಿನೇ."

ನಾನು ಫೋನಿನ ಕಡೆ ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ, "ನಿನಗೂ ಕೇಳಸ್ತೇನು?" ಅಂದರು.

ಕೊಠಡಿಗಳನ್ನು ಒಂದು ಮಾಡುವ ಬಗ್ಗೆ ಸೇಡಮ್ಮಿನಲ್ಲಿ ನಡೆದ ಸಭೆಯಲ್ಲಿ ಕೆಮ್ಮಿನ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ. ಹೆಂಗಸಿನ ವಿಷಯವನ್ನು ಮಾತ್ರ ಹೇಳಿದೆ. ಯಾರೋ ಆ ನಂಬರನ್ನೇ ಬಂದ್ ಮಾಡಿಬಿಡೋಣ ಎಂದರು. ನಾಳೆ ಆಕೆಗೇ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ನಾನು ಕೇಳಿದೆ. ಅದೂ ಹೌದು, ನೋಡೋಣ ಎಂದು ಅಧಿಕಾರಿ ಮುಂದಿನ ವಿಷಯಕ್ಕೆ ಹೋದರು. ಎರಡನೆಯ ಸಲ ಈ ಮಾತು ಎತ್ತಿದಾಗಲೂ ಹಾಗೇ ಆಯಿತು. ಗಾಡಿಗಳು ಎಲ್ಲೆಲ್ಲಿ ನಿಲ್ಲಬೇಕು, ಶಹಾಬಾದಿನ ಹಳೆಯ ವೈರ್‌ಲೆಸ್ ಸೆಟ್ಟನ್ನು ಏನು ಮಾಡಬೇಕು, ಮಾತು ಮುಗಿಯುತ್ತಲೇ ಇರಲಿಲ್ಲ.

ಚಿಂಚೋಳಿಯ ಫೋನು ಸೇಡಮ್ಮಿಗೆ ಬಂದು ಸೇರಿತು. ಭಾಯ್ ನಿವೃತ್ತರಾಗಿ ಮನೆ ಸೇರಿದರು. ನನ್ನನ್ನು ಸೇಡಮ್ಮಿಗೇ ವರ್ಗ ಮಾಡಿದರು.

ಹೊಸ ಕೊಠಡಿಯ ಮೊದಲ ಮಧ್ಯಾಹ್ನ. ನನ್ನ ಪಕ್ಕದ ಕುರ್ಚಿಯಲ್ಲಿ ಚಿತ್ತಾಪುರದಿಂದ ಬಂದ ಹುಡುಗಿ ಇದ್ದಳು. ಐನಾಪುರದ ಕರೆಯ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಯಾವುದೋ ಅಪಘಾತದ ಕರೆಯಲ್ಲಿ ಸಿಕ್ಕಿಕೊಂಡಿದ್ದಾಗ ಆಕೆ ಕೇಳುತ್ತಿದ್ದಳು: "ಏನಾಗ್ಯದ್ರಿ ಅವ್ವಾ? ಎದಿ ನೋಯ್ತದಾ? ಬೆವರಾಕತ್ಯಾರಾ? ಊರು ಯಾವುದು? ಐನಾಪುರ?" ನಾನು ಕಿವಿಯಿಂದ ಫೋನ್ ತೆಗೆಯುವಷ್ಟರಲ್ಲಿ ಆಕೆ ಗಾಡಿ ಕಳಿಸಿಬಿಟ್ಟಿದ್ದಳು. ಅದೇ ನಿಯಮ. ಎದೆ ನೋವು, ಬೆವರು ಎಂದರೆ ಎರಡನೆಯ ಮಾತಿಲ್ಲ.

ಗೋಡೆಯ ಮೇಲಿನ ಪರದೆಯಲ್ಲಿ ಚಿಂಚೋಳಿಯ ಗಾಡಿಯ ಹಸಿರು ಚುಕ್ಕೆ ಬೇವಿನ ಗಿಡದ ಜಾಗ ಬಿಟ್ಟು ರಸ್ತೆಗೆ ಇಳಿಯಿತು. ವೈರ್‌ಲೆಸ್ಸಿನ ಮೈಕು ನನ್ನ ಕೈಗೆ ಸಿಗುವಷ್ಟು ಹತ್ತಿರವಿತ್ತು. ವಾಪಸು ಬಾ ಎಂದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಯಾಕೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆ ಗಾಡಿ ಒಮ್ಮೆ ಮುಟ್ಟಲಿ ಅನ್ನಿಸಿತು.

ಮತ್ತೆ ಕರೆ ಬಂತು. ಈ ಸಲ ನಾನೇ ಎತ್ತಿದೆ.

"ಎಲ್ಲೀತನಕ ಬಂದದ?"

ನಾನು ಪರದೆ ನೋಡಿದೆ. "ಚಂದಾಪುರ ದಾಟ್ಯದ ಅವ್ವಾ" ಅಂದೆ.

ಮುಂದಿನದನ್ನು ಡ್ರೈವರ್ ಹೇಳಿದ್ದು. ಆತ ಆ ಗಾಡಿಗೆ ಹೊಸಬ, ಹಿಂದಿನದೊಂದೂ ತಿಳಿಯದವನು. ಆ ದಿನ ಸಂಜೆ ನನಗೆ ಫೋನ್ ಮಾಡಿದ.

"ಬಾಗಲಾ ತಗದು ನಿಂತಿದ್ಲುರಿ ಅಕ್ಕಾ. ಒಳಗ ಹ್ವಾದ್ರ ಹೊರಸು, ಹೊರಸಿನ ಮ್ಯಾಗ ಹಾಸಿದ ಕೌದಿ. ಮನಷಾ ಇಲ್ಲ. ಪೇಷಂಟ್ ಎಲ್ಲಿ ಅಂದೆ. ಹೊರಸು ತೋರ್ಸಿ, ನಿಧಾನ ಎತ್ರಿ, ಎದಿ ನೋಯ್ತದ ಅಂದ್ಲು. ನರ್ಸಕ್ಕ ನನ್ನ ಮುಖ ನೋಡಿದ್ರು. ಆ ಮುದುಕಿ ಮುಂದ ಇಲ್ಲ ಅನ್ನಲಿಕ್ಕಿ ನಮಗ ಬಾಯಿ ಬರಲಿಲ್ಲ. ಕೌದಿನೇ ಎರಡೂ ಕಡಿ ಹಿಡದು ಸ್ಟ್ರೆಚರ್ ಮ್ಯಾಗ ಹಾಕಿದ್ವಿ."

"ಆಮ್ಯಾಲ?"

"ಆಮ್ಯಾಲೇನ್ರಿ. ಆಕಿ ಹಿಂದ ಬಾಜೂಕ ಕುಂತಳು. ದಾರಿಪೂರ್ತಿ ಕೌದಿ ಮ್ಯಾಗ ಕೈ ಇಟ್ಟಿದ್ಲು." ಆಮೇಲೆ ದನಿ ತಗ್ಗಿಸಿ ಹೇಳಿದ, "ಖರೇ ಹೇಳ್ತೀನಕ್ಕಾ, ನಗಬ್ಯಾಡ್ರಿ. ಸ್ಟ್ರೆಚರ್ ಒಳಗ ನೂಕುವಾಗ ಅದು ಖಾಲಿ ಇದ್ದಂಗ ಅನಿಸಲಿಲ್ಲ."

ನಾನು ನಗಲಿಲ್ಲ.

ದವಾಖಾನೆಯಲ್ಲಿ ಆಕೆಗೆ ನೀರು ಕೊಟ್ಟು, ಬಿಪಿ ನೋಡಿ, ಬೆಂಚಿನ ಮೇಲೆ ಕೂಡಿಸಿದರಂತೆ. ಡಾಕ್ಟರ ಕೋಣೆಯ ಬಾಗಿಲ ಕಡೆ ನೋಡುತ್ತ ಕೂತಿದ್ದಳಂತೆ. ಬಿಸಿಲು ಇಳಿದ ಮೇಲೆ ಒಂದಿಷ್ಟು ಅತ್ತು, ಕೌದಿ ಮಡಚಿ ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಹೋದಳಂತೆ.

ಮರುದಿನದಿಂದ ಕರೆ ಬರಲಿಲ್ಲ.

ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಮಧ್ಯಾಹ್ನವಾದರೆ ಗಡಿಯಾರ ನೋಡುತ್ತಿದ್ದೆ. ಬೇರೆ ಕರೆಗಳಲ್ಲಿ ಯಾರಾದರೂ ಕೆಮ್ಮಿದರೆ ಊರು ಯಾವುದೆಂದು ಮತ್ತೊಮ್ಮೆ ಕೇಳುತ್ತಿದ್ದೆ. ಒಂದು ದಿನ ಭಾಯ್ ಫೋನ್ ಮಾಡಿ, "ಆಕಿ ಫೋನ್ ಬರ್ತದೇನು ತಂಗಿ?" ಎಂದು ಕೇಳಿದರು. ಇಲ್ಲ ಅಂದೆ. ನಡೆದದ್ದನ್ನು ಹೇಳಿದೆ. ಕೌದಿಯ ವಿಷಯವನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಕೊನೆಗೆ, "ರಜಾ ಇದ್ದಾಗ ಬಾ. ಒಮ್ಮೆ ಹೋಗಿ ನೋಡಿ ಬರೋಣು" ಅಂದರು.

ಇಬ್ಬರೂ ಚಂದಾಪುರದಿಂದ ಆಟೋ ಹಿಡಿದು ಐನಾಪುರಕ್ಕೆ ಹೋದೆವು. ಆಕೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನಂದುಕೊಂಡದ್ದಕ್ಕಿಂತ ಗಟ್ಟಿಮುಟ್ಟಾದ ಹೆಂಗಸು. ಆಂಬುಲೆನ್ಸಿನ ಕಚೇರಿಯಿಂದ ಬಂದಿದ್ದೇವೆ, ಹೇಗಿದ್ದೀರೆಂದು ನೋಡಿ ಹೋಗಲು ಎಂದೆ. ಚಾಪೆ ಹಾಸಿದಳು, ಚಹಾ ಮಾಡಿದಳು.

"ಗಾಡಿ ಬಂತುರಿ" ಅಂದಳು, ನಾವು ಕೇಳದೆಯೇ. "ಥೋಡೆ ತಡ ಆತು, ಮಳಿ ಇತ್ತಲ್ಲ. ಆದ್ರ ಬಂತು. ದವಾಖಾನಿ ಮುಟ್ಟಿಸಿದ್ರು. ಡಾಕ್ಟರರು ಭಾಳ ನೋಡಿದ್ರು. ಉಳೀಲಿಲ್ಲ. ಅವರ ಆಯುಷ್ಯ ಅಷ್ಟೇ ಇತ್ತು."

ಗಾಡಿ ಬಂದ ದಿನ ಬಿಸಿಲಿತ್ತು. ಮಳೆ ಬಂದದ್ದು ವರ್ಷಗಳ ಹಿಂದೆ. ನಾನು ಬಾಯಿ ತೆರೆದೆ. ಭಾಯ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅವರ ಕಣ್ಣು ತುಂಬಿತ್ತು.

"ಹೌದವ್ವಾ" ಅಂದರು ಅವರು.

ಆಕೆ ಚಹಾದ ಕಪ್ಪನ್ನು ಕೆಳಗಿಟ್ಟು ಅವರನ್ನೇ ನೋಡಿದಳು. "ನಿಮ್ಮ ದನಿ ಎಲ್ಲೋ ಕೇಳೀನಲ್ರಿ."

"ಈ ಕಡಿ ಎಲ್ಲಾರ ದನಿನೂ ಹಿಂಗೇ ಇರ್ತದವ್ವಾ" ಎಂದು ಭಾಯ್ ಎದ್ದರು.

ಅದೇ ಆಟೋದಲ್ಲಿ ವಾಪಸಾದೆವು. ಚಂದಾಪುರದಲ್ಲಿ ನನ್ನ ಬಸ್ಸಿಗಾಗಿ ಕಾಯುತ್ತಿದ್ದಾಗ ಭಾಯ್ ಬಂಡಿಯವನ ಹತ್ತಿರ ಪೇರಲ ಹಣ್ಣು ಕೊಂಡು ನನ್ನ ಚೀಲಕ್ಕೆ ಹಾಕಿದರು.

"ಆಕಿ ಪಾರಾದಳು ತಂಗಿ" ಅಂದರು. "ನನಗ ಈಗ ನಮಾಜ್ ಮುಗದ ಮ್ಯಾಲ ಎಲ್ಲಿ ಕುಂದರಬೇಕು ತಿಳೀವಲ್ದು."

ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡುವವರೆಗೂ ಅವರು ಬಿಸಿಲಿನಲ್ಲೇ ನಿಂತಿದ್ದರು.