ನೀಲಿ ಹಕ್ಕಿಯ ಬಟ್ಟೆ

ಟೈಲರಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿರಲಿಲ್ಲ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಅದೇ ಯಂತ್ರ ತುಳಿದು ಒಬ್ಬಳೇ ಮಗಳನ್ನು ಸಾಕಿ, ಓದಿಸಿ, ಮದುವೆಯನ್ನೂ ಮಾಡಿದ್ದಳು. ಪ್ಯಾಂಟು ಬಿಗಿಯಾಯಿತೆಂದು ತಂದವರಿಗೆ, "ಬಟ್ಟೆ ಏನೂ ಆಗಿಲ್ಲ ಕಣಪ್ಪಾ, ಆಗಿರೋದೆಲ್ಲ ನಿನಗೇ" ಎಂದು ಮುಖದ ಮೇಲೆ ಹೊಡೆದಂತೆ ಹೇಳುವವಳು. ತನ್ನ ತಪ್ಪನ್ನೂ ಅಷ್ಟೇ ಜೋರಾಗಿ ಹೇಳಿಕೊಳ್ಳುವವಳು. ಮಗಳ ಹೊಸ ಮನೆಯ ಮಲಗುವ ಕೋಣೆಗೆಂದು ನೀಲಿ ಹಕ್ಕಿಗಳಿದ್ದ ಹಳದಿ ಬಟ್ಟೆಯಲ್ಲಿ ಪರದೆ ಹೊಲಿದಾಗ, ಯಾವ ಗ್ಯಾನದಲ್ಲಿದ್ದಳೋ ಏನೋ, ಬಟ್ಟೆಯನ್ನು ತಿರುಗಿಸಿ ಇಟ್ಟು ಕತ್ತರಿಸಿಬಿಟ್ಟಿದ್ದಳು. ಹಕ್ಕಿಗಳೆಲ್ಲ ತಲೆಕೆಳಗು. "ನಮ್ಮ ಅಳಿಯನ ಮನೇಲಿ ಹಕ್ಕಿಗಳು ಬಾವಲಿ ಥರ ನೇತಾಡ್ತವೆ ಕಣ್ರೇ" ಎಂದು ಬಂದ ಗಿರಾಕಿಗಳಿಗೆಲ್ಲ ತಾನೇ ಹೇಳಿ ನಕ್ಕಿದ್ದಳು. ಉಳಿದ ತುಂಡಿನಲ್ಲಿ ಯಂತ್ರಕ್ಕೊಂದು ಹೊದಿಕೆ ಮಾಡಿಕೊಂಡಳು.

ಎರಡು ವರ್ಷಕ್ಕೆ ಮಗಳು ವಾಪಸು ಬಂದಳು. ಕೈಯಲ್ಲೊಂದು ಸೂಟ್‌ಕೇಸು, ತುಟಿಯ ಮೇಲೆ ಮೂರು ಹೊಲಿಗೆ. ಟೈಲರಮ್ಮ ಅವಳ ಗಲ್ಲ ಹಿಡಿದೆತ್ತಿ, "ಯಾರೇ ಇದನ್ನ ಇಷ್ಟು ಒರಟಾಗಿ ಹಾಕಿದ್ದು?" ಎಂದು ಡಾಕ್ಟರನ್ನು ಬೈದಳು. ಅಳಿಯನ ಮಾತು ಎತ್ತಲಿಲ್ಲ. ಆಮೇಲೆ ಒಳಗೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ವಾಪಸು ಬಾ, ಇಲ್ಲದಿದ್ದರೆ ತಲೆ ಎತ್ತಿ ತಿರುಗದ ಹಾಗೆ ಮಾಡ್ತೀನಿ ಎಂದು ಗಂಡ ಅವಳ ಫೋನಿಗೆ ಮೆಸೇಜು ಕಳಿಸುತ್ತಿದ್ದ. ಬರಲ್ಲ ಎಂದು ಅವಳು ಒಂದೇ ಸಲ ಬರೆದು ಸುಮ್ಮನಾದಳು.

ಹಾಗಿರುವಾಗ ಒಂದು ಬೆಳಿಗ್ಗೆ ಮೂರನೇ ಮನೆಯವಳು ಫೋನು ಹಿಡಿದು ಬಂದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಮ್ಮನೆಯೋರ ವಾಟ್ಸಾಪ್ ಗ್ರೂಪಿಗೆ ಬಂತು ಇದು. ನೋಡೋಕೆ ನಿಮ್ಮ ಹುಡುಗಿ ಥರಾನೇ…"

ಚಿತ್ರದಲ್ಲಿ ಮೈಮೇಲೆ ಬಟ್ಟೆಯಿರಲಿಲ್ಲ, ಮುಖ ಅರ್ಧ ಆಚೆ ತಿರುಗಿತ್ತು. ಟೈಲರಮ್ಮ ನೋಡಿದ್ದು ಹಿಂದಿನ ಕಿಟಕಿಯನ್ನು. ಅಲ್ಲಿ ನೀಲಿ ಹಕ್ಕಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ತಾನೇ ಹೊಲಿದ ಪರದೆ. ಆದರೆ ಬಾಯಿ ಎಂದಾದರೂ ಸೋತಿತ್ತೇ?

"ಯಾವಳೋ ಏನೋ! ನನ್ನ ಮಗಳ ಹೆಸರೆತ್ತಿದ್ರೆ ನಾಲಿಗೆ ಕತ್ತರಿಸಿಬಿಟ್ಟೇನು, ಹುಷಾರು!" ಕೈಯಲ್ಲಿ ಕತ್ತರಿಯೂ ಇತ್ತು. ಮೂರನೇ ಮನೆಯವಳು ಓಡಿದಳು. ಟೈಲರಮ್ಮ ಯಂತ್ರದ ಹೊದಿಕೆ ಕಿತ್ತು, ಚೂರುಬಟ್ಟೆಯ ಮೂಟೆಯ ತಳಕ್ಕೆ ತುರುಕಿದಳು.

ಮಗಳಿಗೆ ಅಷ್ಟರಲ್ಲಿ ಅಂಗಡಿಯಲ್ಲೇ ಗೊತ್ತಾಗಿತ್ತು. "ಮದುವೆ ಆದ ಹೊಸದ್ರಲ್ಲಿ ತೆಗೆದದ್ದಮ್ಮಾ. ನಮ್ಮಿಬ್ಬರ ಮಧ್ಯೆ ಇರುತ್ತೆ ಅಂದಿದ್ದ" ಎಂದಳು. ಟೈಲರಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಅದು ನೀನಲ್ಲ. ಯಾರು ಕೇಳಿದ್ರೂ ನೀನಲ್ಲ. ನಾನು ನೋಡ್ಕೋತೀನಿ." ನಲ್ಲಿಯ ಹತ್ತಿರ, ತರಕಾರಿ ಅಂಗಡಿಯ ಹತ್ತಿರ, ಸಿಕ್ಕವರ ಮುಂದೆಲ್ಲ ಆಣೆ ಇಟ್ಟಳು. ಯಾವಳದೋ ಮೈಗೆ ನನ್ನ ಮಗಳ ತಲೆ ಅಂಟಿಸಿದ್ದಾರೆ ಎಂದಳು. ಪಾಪ, ಅವಳಿಗೆ ಗೊತ್ತಿದ್ದ ಕಾಪಾಡುವ ದಾರಿ ಅದೊಂದೇ.

ಚಿತ್ರ ಅಳಿಸಿ ಹಾಕಿಸಲೆಂದು ಇಬ್ಬರೂ ಸೈಬರ್ ಠಾಣೆಗೆ ಹೋದರು. ಅಲ್ಲಿನ ಮೇಡಂ ಮೆತ್ತಗಿನ ದನಿಯ ಹೆಂಗಸು. ಕಂಪ್ಯೂಟರನ್ನು ಬೇರೆಯವರಿಗೆ ಕಾಣದಂತೆ ತಿರುಗಿಸಿಕೊಂಡು ಮಗಳನ್ನು ಕೇಳಿದರು, "ಇದರಲ್ಲಿ ಇರೋದು ನೀವೇನಾ?"

"ಅಲ್ಲ ಮೇಡಂ" ಎಂದಳು ಟೈಲರಮ್ಮ.

"ಅವರು ಹೇಳಲಿ."

ಮೇಜಿನ ಕೆಳಗೆ ಟೈಲರಮ್ಮ ಮಗಳ ತೊಡೆ ಚಿವುಟಿದಳು. ಮಗಳು ನೆಲ ನೋಡುತ್ತಾ "ಅಲ್ಲ" ಎಂದಳು.

ಮೇಡಂ ಪೆನ್ನು ಕೆಳಗಿಟ್ಟರು. "ನೀವಲ್ಲ ಅಂದ್ರೆ ನಿಮ್ಮ ಗಂಡನ ಮೇಲೆ ನಾನು ಏನಂತ ಬರೀಲಿ? ಇದನ್ನ ಹಾಕಿರೋ ವೆಬ್‌ಸೈಟಿನೋರೂ ಚಿತ್ರದಲ್ಲಿ ಇರೋರು ಕೇಳಿದ್ರೇನೇ ಬೇಗ ತೆಗೆಯೋದು. ಯೋಚನೆ ಮಾಡಿ."

ಟೈಲರಮ್ಮ ಯೋಚನೆ ಮಾಡುವವಳೇ? "ಅಲ್ಲ ಅಂದ ಮೇಲೆ ಅಲ್ಲ. ಹಾಗೇ ಬರ್ಕೊಳ್ಳಿ" ಎಂದಳು. ಹಾಗೇ ಬರೆದು ಕಳಿಸಿದರು. ಒಂಬತ್ತನೇ ದಿನ ಮಗಳ ಫೋನಿಗೆ ಠಾಣೆಯಿಂದ ಉತ್ತರ ಬಂತು. 'ಚಿತ್ರದಲ್ಲಿರುವ ವ್ಯಕ್ತಿ ತಾವಲ್ಲವೆಂದು ತಿಳಿಸಿದ್ದೀರಿ. ದೂರನ್ನು ಮುಕ್ತಾಯಗೊಳಿಸಲಾಗಿದೆ.' ಅಷ್ಟರಲ್ಲಿ ಒಂದು ಸೈಟಿನಲ್ಲಿದ್ದ ಚಿತ್ರ ನಾಲ್ಕು ಕಡೆಗೆ ಹರಡಿತ್ತು. ಗಿರಾಕಿಗಳು ತಲೆನೋವಿನ ಮಾತ್ರೆ ಕೇಳಿ, ಅವಳ ಮುಖ ನೋಡಿ, ತಮ್ಮತಮ್ಮಲ್ಲೇ ನಗುತ್ತಾರೆಂದು ಔಷಧಿ ಅಂಗಡಿಯ ಯಜಮಾನ ಸ್ವಲ್ಪ ದಿನ ರಜಾ ತಗೋಮ್ಮಾ ಎಂದಿದ್ದ.

ಮಗಳು ಆ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದಳು. ಎರಡನೇ ಸಲವೂ ಓದಿದಳು.

"ಹೋಗ್ಲಿ ಬಿಡು, ದರಿದ್ರದೋರು" ಎಂದಳು ಟೈಲರಮ್ಮ. "ಬೀದೀಲಿ ಎಲ್ಲರೂ ನಂಬಿದ್ದಾರೆ, ಅಷ್ಟು ಸಾಕು."

"ಯಾರೂ ನಂಬಿಲ್ಲಮ್ಮಾ! ನಿನ್ನ ಬಾಯಿಗೆ ಹೆದರಿ ಹೂಂ ಅಂತಾರೆ ಅಷ್ಟೇ." ಎಂದೂ ದನಿ ಎತ್ತದ ಹುಡುಗಿ ಕಿರುಚಿದಳು. "ನಾನಲ್ಲ ನಾನಲ್ಲ ಅಂತೀಯಲ್ಲ, ಹಾಗಾದ್ರೆ ಅವನು ಇದನ್ನ ಮಾಡಿದ್ದು ಯಾರಿಗೆ? ತುಟಿ ಒಡೆದದ್ದು ಯಾರದ್ದು? ಅದನ್ನೂ ಬೇರೆಯವಳದು ಅಂದ್ಬಿಡು!"

ಮಗಳನ್ನು ಕಾಪಾಡುತ್ತಿದ್ದೇನೆಂದು ತಿಳಿದು ಟೈಲರಮ್ಮ ಇಷ್ಟು ದಿನ ಕಾಪಾಡಿದ್ದು ಅಳಿಯನನ್ನು. ಅದು ತಲೆಗೆ ಹೋದದ್ದೇ, ಮೂಟೆಯನ್ನು ನೆಲಕ್ಕೆ ಸುರಿದು, ಚೂರುಗಳ ಮಧ್ಯೆ ಕೂತು ಕೆದಕಿದಳು. ಹೊದಿಕೆ ಸಿಕ್ಕಿತು. ಕೊಡವಿ, ನಾಲ್ಕಾಗಿ ಮಡಿಚಿ ಚೀಲಕ್ಕೆ ಹಾಕಿಕೊಂಡಳು.

"ಏಳು. ಮುಖ ತೊಳ್ಕೋ. ಹೋಗೋಣ."

ಠಾಣೆಯಲ್ಲಿ ಮೇಡಂ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಟೈಲರಮ್ಮ ತುಟಿ ಕಚ್ಚಿಕೊಂಡು ಕೂತಳು. ಮಗಳು "ನಾನೇ" ಎಂದಳು. ಯಾರು ಹಾಕಿದ್ದು, ಯಾವಾಗ ತೆಗೆದದ್ದು, ಯಾವಾಗ ಹೆದರಿಸಿದ್ದು ಎಲ್ಲವನ್ನೂ ಹೇಳಿ, ಅವನು ಫೋನಿಗೆ ಕಳಿಸಿದ್ದನ್ನೂ ತೋರಿಸಿದಳು. ಟೈಲರಮ್ಮ ಹೊದಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಆ ಪರದೆ ನಾನೇ ಹೊಲಿದದ್ದು ಮೇಡಂ. ಅವನ ಮಲಗೋ ಕೋಣೇದು. ಹೋದ ಸಲ ಸುಳ್ಳು ಹೇಳಿದವಳು ನಾನು, ಅವಳಲ್ಲ. ಅದನ್ನೂ ಬರ್ಕೊಳ್ಳಿ." ಮೇಡಂ ಹೊದಿಕೆಯ ಫೋಟೋ ತೆಗೆದುಕೊಂಡು ಅದನ್ನು ಹಿಂದಕ್ಕೆ ಕೊಟ್ಟರು.

ವಾರದೊಳಗೆ ಮೂರು ಕಡೆಯಿಂದ ಚಿತ್ರ ತೆಗೆದರು. ನಾಲ್ಕನೆಯದು ಎಲ್ಲೋ ದೂರದ ಸೈಟು, ಅಲ್ಲಿಂದ ಉತ್ತರವಿಲ್ಲ. ತೆಗೆದದ್ದೂ ಯಾರ್ಯಾರ ಫೋನಿನಲ್ಲಿ ಉಳಿದಿದೆಯೋ ಆ ದೇವರಿಗೇ ಗೊತ್ತು. ಅಳಿಯನನ್ನು ಕರೆಸಿ, ಫೋನು ಕಿತ್ತುಕೊಂಡು, ಕೇಸು ಹಾಕಿದರು. ಎರಡೇ ದಿನಕ್ಕೆ ಜಾಮೀನಿನ ಮೇಲೆ ಹೊರಗೆ ಬಂದ. ಮಗಳಿಗೆ ಕೆಲಸ ವಾಪಸು ಸಿಗಲಿಲ್ಲ. ದಿನಾ ಬೆಳಿಗ್ಗೆ ಎದ್ದು ಆ ನಾಲ್ಕನೆಯದನ್ನು ತೆರೆದು ನೋಡಿ, ಮತ್ತೆ ದೂರು ಕಳಿಸಿ, ಆಮೇಲೆ ಅಮ್ಮನ ಪಕ್ಕ ಕೂತು ಗುಂಡಿ ಹಾಕುತ್ತಾಳೆ.

ಟೈಲರಮ್ಮ ಹೊದಿಕೆಯನ್ನು ಒಗೆದು, ಇಸ್ತ್ರಿ ಮಾಡಿ, ಯಂತ್ರಕ್ಕೆ ಹಾಕಿದ್ದ ದಿನವೇ ಮೂರನೇ ಮನೆಯವಳು ಬಟ್ಟೆ ಹೊಲಿಸಲು ಬಂದಳು. ಮಾತಾಡುತ್ತಾ ಅವಳ ಕಣ್ಣು ನೀಲಿ ಹಕ್ಕಿಗಳ ಮೇಲೆ ನಿಂತಿತು. ಗುಂಡಿ ಹಾಕುತ್ತಿದ್ದ ಮಗಳನ್ನು ಒಮ್ಮೆ ನೋಡಿದಳು.

"ಅಕ್ಕಾ… ಈ ಬಟ್ಟೆ ಅವತ್ತು ಆ ಫೋಟೋದಲ್ಲಿ…"

ಮಗಳ ಸೂಜಿ ನಿಂತಿತು.

"ಹೌದು. ಅದೇ ಬಟ್ಟೆ" ಎಂದಳು ಟೈಲರಮ್ಮ. "ಅದರಲ್ಲಿ ಇರೋಳು ನನ್ನ ಮಗಳೇ. ನಿನ್ನ ಗಂಡನ ಫೋನಲ್ಲಿ ಅದು ಇನ್ನೂ ಇದ್ರೆ ಈಗ್ಲೇ ಹೋಗಿ ಅಳಿಸು, ಅಲ್ಲೀತನಕ ನಿನ್ನ ಬಟ್ಟೆ ನಾನು ಮುಟ್ಟಲ್ಲ."

ಮೂರನೇ ಮನೆಯವಳು ತನ್ನ ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದಳು. ಮಗಳು ಸೂಜಿಯಿಂದ ಜಾರಿದ್ದ ದಾರವನ್ನು ಮತ್ತೆ ಪೋಣಿಸಲು ಹೋದಳು. ದಾರ ಎರಡು ಸಲವೂ ಪಕ್ಕಕ್ಕೆ ಹೋಯಿತು. ಟೈಲರಮ್ಮ ಸೂಜಿ ಇಸಿದುಕೊಂಡು, ಪೋಣಿಸಿ ಕೊಟ್ಟಳು.