ಹಳ್ಳ ಬಂದರೆ ಫೋನ್ ಮಾಡುತ್ತೇನೆ

ನಾನು ನವಲಗುಂದದ ಒಂದು ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಮನೆ ಮೊರಬದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆಸೆಪಟ್ಟು ಈ ವಿಷಯ ಆರಿಸಿಕೊಳ್ಳುವ ಮಕ್ಕಳು ಕಡಿಮೆ. ಬೇರೆ ಕಡೆ ಜಾಗ ಸಿಗದವರು ಬಂದು ಹಿಂದಿನ ಬೆಂಚು ಹಿಡಿಯುತ್ತಾರೆ. ಅವರಿಗೆ ನಾನು ಹದಿನೇಳು ವರ್ಷದಿಂದ ಒಂದೇ ಉದಾಹರಣೆ ಹೇಳುತ್ತ ಬಂದಿದ್ದೇನೆ. ಮಳೆ ಬಂದರೆ ನೆಲ ನೆನೆಯುತ್ತದೆ. ನೆಲ ನೆನೆದಿಲ್ಲ. ಆದ್ದರಿಂದ ಮಳೆ ಬಂದಿಲ್ಲ.

ಈ ಪಾಠವನ್ನು ನಾನು ಮೊಟ್ಟಮೊದಲು ಹೇಳಿಕೊಟ್ಟಿದ್ದು ಕಾಲೇಜಿನಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ, ನನ್ನ ಅಕ್ಕನಿಗೆ. ನಾನಾಗ ಬಿ.ಎ. ಪರೀಕ್ಷೆಗೆ ಓದುತ್ತಿದ್ದೆ. ಜೋರಾಗಿ ಓದುವ ಚಟ ನನಗೆ. ಅಕ್ಕ ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು, ಹಿಟ್ಟಿನ ಕೈ ನಿಲ್ಲಿಸಿ ನಕ್ಕಳು.

"ನೆಲ ಒಣಗಿದ್ರ ಮಳಿ ಬಂದಿಲ್ಲಂತ. ಇಷ್ಟ ತಿಳ್ಕೊಳ್ಳಾಕ ಕಾಲೇಜಿಗೆ ಹೋಗಬೇಕೇನ ಲೇ?"

"ಎಲ್ಲಾರಿಗೂ ಇಷ್ಟೂ ತಿಳಿಯೂದಿಲ್ಲ ಅಕ್ಕಾ," ಅಂದೆ.

ಅವಳಿಗೆ ಆ ಮಾತು ಹಿಡಿಸಿತು. ಆಮೇಲೆ ಅವಳೇ ಉದಾಹರಣೆ ಕಟ್ಟತೊಡಗಿದಳು. ಅಪ್ಪ ಬಂದಿದ್ದರೆ ಚಪ್ಪಲಿ ಬಾಗಿಲಲ್ಲಿ ಇರುತ್ತಿದ್ದವು. ಚಪ್ಪಲಿ ಇಲ್ಲ. ಅಪ್ಪ ಬಂದಿಲ್ಲ. ಒಮ್ಮೆಯೂ ತಪ್ಪಲಿಲ್ಲ. ಈಗ ಯೋಚಿಸಿದರೆ, ನನಗೆ ಸಿಕ್ಕ ವಿದ್ಯಾರ್ಥಿಗಳಲ್ಲಿ ಅವಳಷ್ಟು ಚುರುಕಿನವರು ಇಲ್ಲ.

ಅಕ್ಕನನ್ನು ನಮ್ಮೂರಿನ ಹಳ್ಳದ ಆಚೆಯ ಊರಿಗೆ ಕೊಟ್ಟಿತ್ತು. ದೂರವೇನಲ್ಲ. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಮೋಟರ್‌ಸೈಕಲ್ ಹತ್ತಿದರೆ ಅರ್ಧ ತಾಸಿನ ದಾರಿ. ನಡುವೆ ಹಳ್ಳಕ್ಕೆ ಅಡ್ಡಲಾಗಿ ಒಂದು ತಗ್ಗಿನ ಸೇತುವೆ. ವರ್ಷದ ಬಹುತೇಕ ದಿನ ಅದರ ಕೆಳಗೆ ಪಾದ ಮುಳುಗುವಷ್ಟು ನೀರು. ಮೇಲೆ ಧಾರವಾಡದ ಕಡೆ ಜೋರು ಮಳೆಯಾದರೆ ಮಾತ್ರ, ನಮ್ಮೂರಲ್ಲಿ ಬಿಸಿಲಿದ್ದರೂ ಹಳ್ಳ ಏಕಾಏಕಿ ಬರುತ್ತದೆ, ಸೇತುವೆ ಕಾಣದಂತಾಗುತ್ತದೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಹೋಗಬೇಕು. ಪ್ರತಿ ವರ್ಷ ನಾನು ಹೋಗುತ್ತಿದ್ದೆ. ಆ ವರ್ಷ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮೇಜಿನ ಮೇಲಿದ್ದವು. ಹಿಂದಿನ ದಿನ ಸಂಜೆ ಫೋನ್ ಮಾಡಿದೆ.

"ಅಕ್ಕಾ, ಈ ಸಲ ಮಾಮಾನ ಕೂಡ ಬಂದಬಿಡು. ಪೇಪರ್ ತಿದ್ದೂದು ಭಾಳ ಐತಿ."

"ಕರಿಯಾಕ ಬರದಾಂವ ನೀ ಎಂಥಾ ತಮ್ಮಲೇ?" ನಗುತ್ತಲೇ ಅಂದಳು. "ಹಳ್ಳದ್ದು ಹೆಂಗೈತಿ? ಮ್ಯಾಲ ಮಳಿ ಆಗಾಕತ್ತೈತಂತ."

"ಹಳ್ಳ ಬಂದ್ರ ನಾ ಫೋನ್ ಮಾಡ್ತೀನಿ."

"ನೋಡ್ ಮತ್ತ."

"ಮಾಡ್ತೀನಿ ಬಿಡ ಅಕ್ಕಾ."

ಮರುದಿನ ಬೆಳಿಗ್ಗೆ ಎಂಟಕ್ಕೆ ಸೇತುವೆಯ ತನಕ ನಡೆದುಹೋಗಿ ನೋಡಿದೆ. ನೀರು ಎಂದಿನಷ್ಟೇ ಇತ್ತು. ಮನೆಗೆ ಬಂದು ಪೇಪರ್ ಹಿಡಿದು ಕೂತೆ. ಒಳಗೆ ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಅಂಗಳದಲ್ಲಿ ಬಿಸಿಲಿತ್ತು. ಹನ್ನೆರಡರ ಸುಮಾರಿಗೆ ಬಾಜು ಮನೆಯ ಕಾಕಾ ಹೊಲದಿಂದ ಬರುತ್ತ ನಮ್ಮ ಬಾಗಿಲಲ್ಲಿ ನಿಂತರು.

"ಪಡುವಲ ಕಡೆ ಅಗದಿ ಕರ್ರಗಾಗೇತಿ ನೋಡೋ. ಹಳ್ಳ ಬರೂ ಹಂಗ ಕಾಣ್ತೈತಿ."

"ಹೂಂ ಕಾಕಾ, ನೋಡ್ತೀನ್ರಿ," ಅಂದೆ.

ಏಳಲಿಲ್ಲ. ಕಟ್ಟಿನಲ್ಲಿ ಹನ್ನೊಂದು ಪೇಪರ್ ಉಳಿದಿದ್ದವು. ಅಷ್ಟು ಮುಗಿಸಿ ಎದ್ದರಾಯಿತು ಅಂದುಕೊಂಡೆ. ಫೋನ್ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. 'ಕಾಕಾ ಹೀಗಂದರು, ಸ್ವಲ್ಪ ತಡೆದು ಹೊರಡ್ರಿ' ಎಂದು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಆದರೆ ಹಳ್ಳ ಬಂದಿದ್ದನ್ನು ನಾನಿನ್ನೂ ಕಂಡಿರಲಿಲ್ಲವಲ್ಲ.

ಕೊನೆಯ ಪೇಪರಿಗೆ ಅಂಕ ಹಾಕುವ ಹೊತ್ತಿಗೆ ಓಣಿಯಲ್ಲಿ ಜನ ಓಡುವ ಸಪ್ಪಳ ಕೇಳಿಸಿತು. ನಾನೂ ಓಡಿದೆ. ಸೇತುವೆ ಕಾಣುತ್ತಿರಲಿಲ್ಲ. ಕೆಂಪು ನೀರು ದಂಡೆಯ ಜಾಲಿಗಿಡಗಳ ನಡುವಿಗೆ ಏರಿತ್ತು. ಅದರಲ್ಲೊಂದನ್ನು ಅಪ್ಪಿಕೊಂಡು ಮಾಮಾ ನೇತಾಡುತ್ತಿದ್ದರು. ನಾಲ್ಕೈದು ಜನ ಹಗ್ಗ ಎಸೆದು ಅವರನ್ನು ಎಳೆದು ತಂದರು. ಅವರು ನೀರಿನ ಕಡೆ ಕೈ ತೋರಿಸಿದರು. ಅಕ್ಕ ಸಿಕ್ಕಿದ್ದು ಮರುದಿನ, ಬಹಳ ಕೆಳಗೆ, ಯಾರದೋ ಹೆಸರುಕಾಳಿನ ಹೊಲದಲ್ಲಿ. ಎರೆಮಣ್ಣು ಮೈಗೆಲ್ಲ ಮೆತ್ತಿಕೊಂಡಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ತಮ್ಮನ್ನೇ ಬೈದುಕೊಂಡರು. "ನಾ ಹಬ್ಬಕ್ಕ ಬಾ ಅನ್ನದಿದ್ರ ಆಕಿ ಉಳೀತಿದ್ಲು," ಎಂದು ಅವ್ವ ಬಂದವರಿಗೆಲ್ಲ ಹೇಳಿದಳು. "ನಾನರ ಒಂದ ಫೋನ್ ಹಚ್ಚಿದ್ರ ಆಗ್ತಿತ್ತು," ಎಂದು ಕಾಕಾ ಕಟ್ಟೆಯ ಮೇಲೆ ಕೂತು ಅತ್ತರು. ಅವರು ನನಗೆ ಹೇಳಿದ್ದನ್ನು ಯಾರ ಮುಂದೆಯೂ ಎತ್ತಲಿಲ್ಲ. ಮರೆತಿದ್ದರೋ, ನನ್ನ ಮುಖ ನೋಡಿ ಬಿಟ್ಟರೋ ಗೊತ್ತಿಲ್ಲ. ನಾನೂ ಎತ್ತಲಿಲ್ಲ.

ಮನಸ್ಸಿನಲ್ಲಿ ಮಾತ್ರ ವಾದ ನಡೆದೇ ಇತ್ತು. ನಾನು ಹೇಳಿದ್ದೇನು? ಹಳ್ಳ ಬಂದರೆ ಫೋನ್ ಮಾಡುತ್ತೇನೆ ಎಂದು. ಬಂದದ್ದು ನನಗೆ ತಿಳಿದರೆ ಎಂದು ತಾನೇ ಅದರ ಅರ್ಥ? ತಿಳಿಯದೆ ಯಾರು ಫೋನ್ ಮಾಡುತ್ತಾರೆ? ಹೀಗೆ ನನ್ನ ಪರವಾಗಿ ನಾನೇ ವಕೀಲನಾಗುತ್ತಿದ್ದೆ. ಆದರೆ 'ನನಗೆ ತಿಳಿದರೆ' ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅಕ್ಕ ಕೇಳಿಸಿಕೊಂಡದ್ದು ಬಾಯಿಂದ ಬಂದ ಮಾತನ್ನು.

'ಹೀಗಾದರೆ ಹಾಗೆ' ಎಂಬಂಥ ವಾಕ್ಯ ಯಾವಾಗ ನಿಜ ಎಂಬುದರ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ಒಬ್ಬ ಗುರುವಿಗೂ ಅವನ ಶಿಷ್ಯನಿಗೂ ಜಗಳವಾಗಿತ್ತು. ವಾಕ್ಯದ ಮೊದಲ ಭಾಗ ನಿಜವಾಗಿ ಎರಡನೆಯದು ಸುಳ್ಳಾದಾಗ ಮಾತ್ರ ಅದು ಸುಳ್ಳು, ಉಳಿದಂತೆ ನಿಜ ಎಂದ ಶಿಷ್ಯ. ಗುರು ಒಪ್ಪಲಿಲ್ಲ. ಮೊದಲನೆಯದು ನಿಜವಿದ್ದು ಎರಡನೆಯದು ಸುಳ್ಳಾಗಲು ಯಾವ ಕಾಲಕ್ಕೂ ಸಾಧ್ಯವೇ ಇರಬಾರದು, ಆಗ ಮಾತ್ರ ಅದು ನಿಜ ಎಂದ. ನಾನು ಇದನ್ನು ಪ್ರತಿ ವರ್ಷ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಬರುವುದು ಶಿಷ್ಯನ ಲೆಕ್ಕವೇ. ಅಕ್ಕ ಹೋದಮೇಲೆ ಗುರುವಿನ ಮಾತು ನನ್ನನ್ನು ಬಿಡಲಿಲ್ಲ. ಶಿಷ್ಯನ ಪ್ರಕಾರ, ಬೆಳಿಗ್ಗೆ ಎಂಟು ಗಂಟೆಗೆ ಹಳ್ಳ ಬಂದಿರದಿದ್ದಾಗ ನನ್ನ ಮಾತು ನಿಜವಾಗಿತ್ತು, ಮಧ್ಯಾಹ್ನ ಸುಳ್ಳಾಯಿತು. ಗುರುವಿನ ಪ್ರಕಾರ, ಹಳ್ಳ ಬಂದೂ ನಾನು ಫೋನ್ ಮಾಡದೆ ಇರಲು ಸಾಧ್ಯವಿತ್ತಾದ್ದರಿಂದ, ಅದು ಹಿಂದಿನ ಸಂಜೆ ಬಾಯಿಂದ ಬರುವಾಗಲೇ ಸುಳ್ಳು.

ಮರುವರ್ಷ ಸತ್ಯಕೋಷ್ಟಕ ಕಲಿಸುವ ದಿನ ಬಂತು. ಬೋರ್ಡಿನ ಮೇಲೆ ಆ ಶಿಷ್ಯನ ಲೆಕ್ಕವನ್ನು ನಿಜ, ಸುಳ್ಳು ಎಂದು ನಾಲ್ಕು ಸಾಲಿನಲ್ಲಿ ಬರೆದೆ. ಅಣ್ಣಿಗೇರಿ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಮದಲನೇದು ಸುಳ್ಳಿದ್ರ ಪೂರಾ ವಾಕ್ಯ ಹೆಂಗ್ರಿ ನಿಜ ಆಕ್ಕೈತಿ? ಆಗದ ಇದ್ದದ್ದರ ಮ್ಯಾಲ ಏನ್ ಹೇಳಿದ್ರೂ ನಿಜಾನ ಏನ್ರಿ?"

"ಈ ಕೋಷ್ಟಕದಾಗ ಹಂಗವಾ," ಅಂದೆ.

"ಅದು ಬರೋಬ್ಬರಿ ಅನಸೂದಿಲ್ರಿ ಸರ್."

"ನನಗೂ ಅನಸೂದಿಲ್ಲ," ಅಂದೆ. ಕ್ಲಾಸು ನಕ್ಕಿತು.

ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು ಎರಡು ವಾಕ್ಯ ಮಾಡಿದೆ. ನಾನು ಫೋನ್ ಮಾಡಿದ್ದರೆ ಅಕ್ಕ ಬದುಕುತ್ತಿದ್ದಳು. ನಾನು ಫೋನ್ ಮಾಡಿದ್ದರೆ ಅಕ್ಕ ಸಾಯುತ್ತಿದ್ದಳು. ಫೋನ್ ನಾನು ಮಾಡಿಲ್ಲ. ಹಾಗಾಗಿ ಕೋಷ್ಟಕದ ಪ್ರಕಾರ ಎರಡೂ ನಿಜ. ಆ ಕೋಷ್ಟಕಕ್ಕೆ ನನ್ನನ್ನು ದೂರಲೂ ಬರುವುದಿಲ್ಲ, ಕ್ಷಮಿಸಲೂ ಬರುವುದಿಲ್ಲ. ನಮ್ಮ ಹಳೆಯ ತರ್ಕಪಂಡಿತರಾದ ನೈಯಾಯಿಕರು 'ಬೆಂಕಿ ಇರದಿದ್ದರೆ ಹೊಗೆಯೂ ಇರುತ್ತಿರಲಿಲ್ಲ' ಎಂಬಂಥ ಮಾತನ್ನು ಪ್ರಮಾಣವೆಂದು ಒಪ್ಪಲಿಲ್ಲ. ಪ್ರಮಾಣಕ್ಕೆ ಒಂದು ಆಸರೆ, ಅಷ್ಟೇ ಅಂದರು. ಹಾಗಾದರೆ ಕಣ್ಣಾರೆ ಕಂಡವರ ಪ್ರಮಾಣ ಬೇಕಲ್ಲ ಅನ್ನಿಸಿತು. ಹಳ್ಳದಲ್ಲಿ ಅಕ್ಕನ ಜೊತೆ ಇದ್ದವರು ಮಾಮಾ ಒಬ್ಬರೇ.

ಒಂದು ಭಾನುವಾರ ಅವರ ಊರಿಗೆ ಹೋದೆ. ಅಂಗಳದಲ್ಲಿ ಕೂತು ಕಳೆ ತೆಗೆಯುವ ಕುರ್ಪಿ ಮಸೆಯುತ್ತಿದ್ದರು. ಬಹಳ ಸೊರಗಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕಾಕಾ ಬಾಗಿಲಿಗೆ ಬಂದದ್ದು, ಮೋಡದ ಸುದ್ದಿ ಹೇಳಿದ್ದು, ನಾನು ಏಳದೆ ಇದ್ದದ್ದು, ಹನ್ನೊಂದು ಪೇಪರ್.

ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ. "ಆತ ಬಿಡು. ಆಗಿ ಹೋತು," ಅಂದರು.

"ಬೈರಿ ಮಾಮಾ. ನೀವು ಬೈಲಿಲ್ಲಂದ್ರ ನನಗ ಸಮಾಧಾನ ಇಲ್ಲ."

ಆಗ ಕುರ್ಪಿ ಕೆಳಗಿಟ್ಟರು.

"ನಿನ್ನ ಸಮಾಧಾನಕ್ಕ ಹೇಳಬೇಕೇನು? ಹೇಳ್ತೀನಿ ಕೇಳು. ದಂಡಿಗೆ ಬಂದಾಗ ಸೇತುವಿ ಮ್ಯಾಲ ಗೇಣುದ್ದ ನೀರಿತ್ತು. ನಾ ಗಾಡಿ ನಿಲ್ಲಿಸಿದೆ. ಹೊಳ್ಳಿ ಹೋಗೂಣು ಅಂದೆ. ಆಕಿ ಫೋನ್ ತಗದು ನೋಡಿದ್ಲು. ಹಳ್ಳ ಬಂದಿದ್ರ ನನ್ನ ತಮ್ಮ ಫೋನ್ ಮಾಡ್ತಿದ್ದ, ಮಾಡಿಲ್ಲ, ಅಂದ್ರ ಇದು ಹಳ್ಳ ಬಂದದ್ದಲ್ಲ, ಎಲ್ಲೋ ಹೊಲದ ನೀರು ಹರದೈತಿ, ನಡೀರಿ ಅಂದ್ಲು. ಹಂಗಾರ ಒಂದ ಮಾತು ಕೇಳು ಅವಗ ಅಂದೆ. ಪೇಪರ್ ತಿದ್ದಾಕತ್ತಾನ, ಯಾಕ ತ್ರಾಸ ಕೊಡೂದು ಅಂದ್ಲು. ನಡು ಸೇತುವಿಗೆ ಹೋಗೂದರಾಗ ಮ್ಯಾಲಿನ ನೀರು ಬಂತು."

ಅಲ್ಲೇ ನೆಲದ ಮೇಲೆ ಕೂತೆ. ಕಣ್ಣೆದುರಿನ ನೀರಿಗಿಂತ ಅವಳಿಗೆ ನನ್ನ ಮಾತು ದೊಡ್ಡದಾಗಿತ್ತು. ಅವಳ ತರ್ಕದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಕೊಟ್ಟ ಮೊದಲ ವಾಕ್ಯ.

ಮಾಮಾ ಒಳಗೆ ಹೋಗಿ ಚಹಾ ಮಾಡಿ ತಂದರು. ಇಬ್ಬರೂ ಕುಡಿದೆವು. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದರು.

"ನಾ ಇದನ್ನ ನಿಮ್ಮ ಅವ್ವಗ ಹೇಳಿಲ್ಲ. ನೀನೂ ಹೇಳಬ್ಯಾಡ," ಅಂದರು. ಬಸ್ಸು ಬರುವುದು ಕಾಣಿಸಿದಾಗ ಮತ್ತೆ ಅಂದರು, "ಸಿಟ್ಟಿಲ್ಲ ನನಗ. ಆದ್ರ ನಿನ್ನ ನೋಡಿದ್ರ ಆಕಿ ಫೋನ್ ಹಿಡಕೊಂಡು ನಿಂತದ್ದು ಕಣ್ಣಿಗೆ ಕಟ್ತೈತಿ. ಒಂದೀಟು ದಿನ ಈ ಕಡೆ ಬರಬ್ಯಾಡ."

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು?"

"ಏನಿಲ್ಲ ಬೇ. ಆರಾಮ ಅದಾರ. ನಿನ್ನ ಕೇಳಿದ್ರು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಾನು ಹಬ್ಬಕ್ಕೆ ಕರೆಯದೆ ಇದ್ದಿದ್ದರೆ ಎಂದು ಮತ್ತೆ ಶುರುಮಾಡಿದಳು. ಅದು ನಿನ್ನ ತಪ್ಪಲ್ಲ ಎಂದು ಹೇಳಬೇಕಿತ್ತು. ಹಾಗೆ ಹೇಳಿದರೆ ಮತ್ತೆ ಯಾರದು ಎಂದು ಅವಳು ಕೇಳುತ್ತಾಳೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅವಳ ಮಾತು ಮುಗಿಯುವ ತನಕ ಅಲ್ಲೇ ನಿಂತಿದ್ದೆ.